ಹಡಗು ನಿಂತಿದೆ, ಜನರೇಟರ್ ನಿಂತಿಲ್ಲ

ಕೇಳುಗರೇ, ನಮಸ್ಕಾರ.

ರಾತ್ರಿ ಹೊತ್ತು ಕಾರವಾರ ಬಂದರಿನ ಬೈತಖೋಲದ ಕಡೆ ಹೋಗಿ ನಿಂತಿದ್ದೀರಾ? ದಕ್ಕೆಗೆ ಕಟ್ಟಿದ ಹಡಗು ಸುಮ್ನೆ ನಿಂತಿರುತ್ತದೆ, ಆದರೆ ಗುಂಯ್ ಅನ್ನುವ ಸದ್ದು ಮಾತ್ರ ನಿಲ್ಲುವುದಿಲ್ಲ. ಓಡಿಸುವ ಇಂಜಿನ್ ಆರಿಸಿದರೂ ದೀಪ, ಪಂಪು, ಅಡುಗೆಮನೆ ನಡೆಯಬೇಕಲ್ಲ. ಅದಕ್ಕೆ ಜನರೇಟರು, ಅದಕ್ಕೆ ಡೀಸೆಲ್ಲು. ಹೊಗೆ ನಮಗೆ.

ದಡದ ಕರೆಂಟನ್ನೇ ಕೊಟ್ಟರೆ? ಸ್ವೀಡನ್ನಿನ ಗೋಥೆನ್‌ಬರ್ಗ್ ಬಂದರಿನಲ್ಲಿ 2000ರಲ್ಲೇ ಹೈವೋಲ್ಟೇಜ್ ಕರೆಂಟು ಕೊಡಲು ಶುರು ಮಾಡಿದರು. ನಮ್ಮ ಗ್ರಿಡ್ಡಿನ ಕರೆಂಟು ಸೆಕೆಂಡಿಗೆ 50 ಸುತ್ತು, ಅಂದರೆ 50 ಹರ್ಟ್ಸ್, ಹೆಚ್ಚಿನ ಹಡಗುಗಳದು 60. ಅದನ್ನು ಬದಲಿಸುವ ಯಂತ್ರ ದಡದಲ್ಲಿ ಬೇಕು, ಅಷ್ಟೆ. ಆದರೆ ಆಚೆ ನೀರಿನಲ್ಲಿ ತೇಲುಗುಂಡಿಗೆ, ಅಂದರೆ ಬೋಯಾಕ್ಕೆ ಕಟ್ಟಿಕೊಂಡ ಹಡಗಿಗೆ ಕೊಡಬೇಕೆಂದರೆ ಕಡಲ ತಳದಲ್ಲೇ ಕೇಬಲ್ ಎಳೆಯಬೇಕು.

ಹೈವೋಲ್ಟೇಜೇ ಯಾಕೆ? ತೋಟಕ್ಕೆ ನೀರು ಬಿಡುವವರಿಗೆ ಗೊತ್ತು, ಒತ್ತಡ ಜಾಸ್ತಿ ಇದ್ದರೆ ಸಣ್ಣ ಪೈಪು ಸಾಕು. ಎರಡು ಮೆಗಾವಾಟನ್ನು 440 ವೋಲ್ಟಿನಲ್ಲಿ ಕಳಿಸಿದರೆ ಸುಮಾರು 3,000 ಆಂಪಿಯರ್ ಹರಿಯುತ್ತದೆ. 6,600 ವೋಲ್ಟಿನಲ್ಲಾದರೆ ಬರೀ 200ರ ಆಸುಪಾಸು, ಸಣ್ಣ ಕೇಬಲ್ ಸಾಕು.

ಅಂಥ ಕೇಬಲ್ಲಿನ ತುಂಡೊಂದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೆ. ಬಾಳೆದಿಂಡು ಅಡ್ಡ ಕೊಯ್ದ ಹಾಗೆ, ಪದರ ಪದರ. ನಡುವೆ ಮೂರು ತಾಮ್ರದ ತಿರುಳು, ಒಂದೊಂದಕ್ಕೂ ದಪ್ಪ ಪ್ಲಾಸ್ಟಿಕ್, ನೀರು ಇಳಿಯದ ಹಾಗೆ ಸೀಸದ ಹೊದಿಕೆ, ಅದರ ಮೇಲೆ ಸುತ್ತಲೂ ಉಕ್ಕಿನ ತಂತಿ, ಹೊರಗೆ ಡಾಂಬರು ಬಳಿದ ನೂಲು. ಅಂಗೈಯಗಲದ ತುಂಡು, ಎತ್ತಿದರೆ ಕೈ ಜಗ್ಗುತ್ತದೆ!

ಹಾಕುವುದನ್ನು ನೋಡಬೇಕು. ಹಡಗಿನ ಮೇಲಿನ ಡ್ರಮ್ಮಿನಿಂದ ಕೇಬಲ್ ಇಳಿಯುತ್ತಿದ್ದ ಹಾಗೆ ಅದಕ್ಕೆ ಗಾಳಿ ತುಂಬಿದ ಚೀಲ ಕಟ್ಟುತ್ತಾರೆ. ದಡದಿಂದ ವಿಂಚು ಯಂತ್ರ ತೇರಿನ ಹಗ್ಗದ ಹಾಗೆ ಎಳೆಯುತ್ತದೆ. ತುದಿ ದಡ ಮುಟ್ಟಿದ ಮೇಲೆ ಮುಳುಗುಗಾರರು ಚೀಲಗಳನ್ನು ಒಂದೊಂದಾಗಿ ಬಿಚ್ಚುತ್ತಾರೆ. ಕೇಬಲ್ ಮೆಲ್ಲಗೆ ತಳಕ್ಕೆ ಕೂರುತ್ತದೆ. ಎಲ್ಲೂ ಗಕ್ಕನೆ ಮಡಚಬಾರದು. ಹೊರಗೆ ಏನೂ ಕಾಣಿಸದು, ಒಳಗೆ ಪ್ಲಾಸ್ಟಿಕ್ ಸೀಳಿರುತ್ತದೆ.

ಕೊನೆಯ ತುಂಡೇ ರಗಳೆ. ಗಾಳಿ ತಿರುಗಿದರೆ ಹಡಗು ಬೋಯಾದ ಸುತ್ತ ತಿರುಗುತ್ತದೆ. ಕೇಬಲ್ ಹುರಿಯಾಗದಿರಲು ಬೋಯಾದಲ್ಲೇ ತಿರುಗುವ ಜೋಡಣೆ ಬೇಕು.

ಇಷ್ಟಾದರೂ ಉಪ್ಪುನೀರು ಇದರ ದೊಡ್ಡ ಶತ್ರುವಲ್ಲ. ಲಂಗರು ಮತ್ತು ತಳ ಉಜ್ಜುತ್ತ ಎಳೆಯುವ ಟ್ರಾಲ್ ಬಲೆಯ ಹಲಗೆ. ಅದಕ್ಕೇ ನೀರಿನ ರಭಸದಿಂದ ತಳ ಕೊರೆದು ಒಂದೆರಡು ಮೀಟರ್ ಹೂಳುತ್ತಾರೆ. ಕಲ್ಲಿದ್ದಲ್ಲಿ ಕೊರೆಯಲಾಗದು, ಮೇಲೆ ಕಾಂಕ್ರೀಟ್ ಚಾಪೆ ಹಾಸಬೇಕು. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್, ಅವುಗಳ ಕಾಟ ಇಲ್ಲ, ಆಗ ಮಾಡಬಹುದಲ್ವಾ ಅಂತೀರಿ. ಆಗ ನಮ್ಮ ಕಡಲು ಬಿಡಬೇಕಲ್ಲ!

ಇಲ್ಲಿ ಇಂಥ ಕೆಲಸ ಎಂದಾದರೂ ಬಂದರೆ, ನಕ್ಷೆ ಬಿಡಿಸುವ ಮೊದಲು ಇಂಜಿನಿಯರು ದೋಣಿ ನಡೆಸುವ ನಮ್ಮ ತಾಂಡೇಲರ ಜತೆ ಒಂದು ದಿನ ದೋಣಿಯಲ್ಲಿ ಹೋಗಿ ಬರಲಿ. ಎಲ್ಲಿ ರೇವೆ, ಎಲ್ಲಿ ಕಲ್ಲು, ಬಲೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಅವರಿಗೆ ಬಾಯಿಪಾಠ.

ನಮಸ್ಕಾರ.