ಲಾರಿಗೂ ಚಾಲಕನಿಗೂ ಒಗ್ಗುವ ತಂಗುದಾಣ

ಕೇಳುಗರಿಗೆ ನಮಸ್ಕಾರ. ಬೆಂಗಳೂರಿನಿಂದ ಪುಣೆ, ಮುಂಬೈಗಳತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಶಿರಾ ದಾಟಿದ ಮೇಲೆ ಚಿತ್ರದುರ್ಗ ಜಿಲ್ಲೆಯನ್ನು ಹೊಕ್ಕು, ಹಿರಿಯೂರು, ಚಿತ್ರದುರ್ಗ, ದಾವಣಗೆರೆಗಳ ಮಗ್ಗುಲಲ್ಲಿ ಸಾಗಿ, ಹರಿಹರದ ಬಳಿ ತುಂಗಭದ್ರೆಯನ್ನು ದಾಟುತ್ತದೆ. ರಾತ್ರಿ ಒಂಬತ್ತು ಹತ್ತರ ಹೊತ್ತಿಗೆ ಬೆಂಗಳೂರು ಬಿಟ್ಟ ಲೋಡ್ ಲಾರಿಯು ಸುಮಾರು 200 ಕಿಲೋಮೀಟರ್ ದೂರದ ಚಿತ್ರದುರ್ಗವನ್ನು ತಲುಪುವುದು ಎರಡು ಮೂರು ಗಂಟೆಯ ಸುಮಾರಿಗೆ. ಎರಡರಿಂದ ಐದರವರೆಗಿನ ಆ ಅವಧಿಯಲ್ಲೇ ಮನುಷ್ಯನ ದೇಹ ನಿದ್ದೆಗಾಗಿ ಹಟ ಹಿಡಿಯುವುದು. ಆದುದರಿಂದ ದೂರದ ಲಾರಿ ಚಾಲಕರ ವಿಶ್ರಾಂತಿಯ ಮಾತು ಬಂದಾಗ ನಮ್ಮ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಿಗೆ ಬೇರೆಯದೇ ಹೊಣೆಯಿದೆ.

ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿರುವ ಲಾರಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಚಾಲಕನ ರೆಪ್ಪೆ ನಾಲ್ಕು ಸೆಕೆಂಡು ಅಂಟಿಕೊಂಡರೆ ಸುಮಾರು 90 ಮೀಟರ್ ದಾರಿಯನ್ನು ಅದು ಯಾರ ಕಣ್ಣೂ ಇಲ್ಲದೆ ಕ್ರಮಿಸಿರುತ್ತದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ ಎಂಟು ಗಂಟೆಯ ದುಡಿಮೆ, ಐದು ಗಂಟೆ ಮೀರುವ ಮುನ್ನ ಕನಿಷ್ಠ ಅರ್ಧ ಗಂಟೆಯ ಬಿಡುವು, ಒಂದು ದಿನದ ಕೆಲಸ ಮುಗಿದು ಮರುದಿನದ ಕೆಲಸ ಆರಂಭವಾಗುವ ನಡುವೆ ಒಂಬತ್ತು ಗಂಟೆಯ ನಿರಂತರ ವಿಶ್ರಾಂತಿ ಎಂದು ಬಹು ಹಿಂದೆಯೇ ಹೇಳಿತ್ತು. ಕಾಗದದ ಮೇಲಿನ ಈ ಅರ್ಧ ಗಂಟೆ ರಸ್ತೆಯ ಮೇಲೆ ಸಿಗಬೇಕಾದರೆ ಲಾರಿಯನ್ನು ನಿಲ್ಲಿಸಲು ಯೋಗ್ಯವಾದ ಜಾಗವಿರಬೇಕು, ತೊಡಕಿರುವುದು ಇಲ್ಲೇ.

ಕಾರಿನವರು ಊಟವನ್ನು ನೋಡಿ ಹೋಟೆಲು ಆರಿಸುತ್ತಾರೆ. ಲಾರಿಯವರು ಮೊದಲು ನೆಲವನ್ನು ನೋಡಬೇಕು. ಹದಿನಾಲ್ಕು ಚಕ್ರದ ಗಾಡಿ ಹಿಂದಕ್ಕೆ ತೆಗೆಯುವ ಗೊಡವೆಯಿಲ್ಲದೆ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಬರುವಂತಿರಬೇಕು. ಮಳೆ ಬಿದ್ದರೂ ಚಕ್ರ ಹೂಳದ ಗಟ್ಟಿ ನೆಲವಿರಬೇಕು. ರಾತ್ರಿಯಿಡೀ ದೀಪವಿದ್ದು ಜನರ ಓಡಾಟವಿರಬೇಕು. ಕ್ಲೀನರ್ ಇಲ್ಲದೆ ಒಬ್ಬರೇ ಓಡಿಸುವ ಲಾರಿಗಳು ಈಗ ಬಹಳವಾಗಿರುವುದರಿಂದ, ಟ್ಯಾಂಕಿನ ಡೀಸೆಲ್ ಮತ್ತು ಟಾರ್ಪಾಲಿನ ಹಗ್ಗದ ಚಿಂತೆಯಲ್ಲಿ ಮಲಗಿದವನಿಗೆ ಮಲಗಿದ ಫಲ ದೊರೆಯುವುದಿಲ್ಲ. ಈ ದೃಷ್ಟಿಯಿಂದ ಹೆಸರುವಾಸಿ ಡಾಬಾಕ್ಕಿಂತ, ವಿಶಾಲ ಅಂಗಳವೂ ಶೌಚಾಲಯವೂ ಸ್ನಾನಕ್ಕೆ ನೀರೂ ಇರುವ ಡೀಸೆಲ್ ಬಂಕೇ ಮೇಲೆಂದು ನನ್ನ ಅಭಿಪ್ರಾಯ. ರಸ್ತೆಯಂಚಿನಲ್ಲಿ ಗಾಡಿ ನಿಲ್ಲಿಸಿ ಕ್ಯಾಬಿನ್ನಿನಲ್ಲೇ ಒರಗುವ ರೂಢಿಯಂತೂ ಅಪಾಯಕಾರಿ. ಹಿಂದಿನಿಂದ ಬರುವವನೂ ತೂಕಡಿಸುತ್ತಿರಬಹುದು. ಹಾಗಾಗಿ ಕಣ್ಣು ಎಳೆಯಲಾರಂಭಿಸಿದ ಮೇಲೆ ಜಾಗ ಹುಡುಕಬಾರದು. ಹೊರಡುವಾಗಲೇ ಹಿರಿಯೂರಿನಲ್ಲೋ ಚಿತ್ರದುರ್ಗದ ಆಚೆಯೋ ಎಂದು ನಿರ್ಧರಿಸಿಕೊಂಡಿರಬೇಕು. ಬಳ್ಳಾರಿಯ ಕಡೆಗೆ ತಿರುಗುವವರಿಗೆ ಹಿರಿಯೂರು, ಹೊಸಪೇಟೆಯ ಕಡೆಗೆ ಹೋಗುವವರಿಗೆ ಚಿತ್ರದುರ್ಗ ದಾರಿ ಕವಲೊಡೆಯುವ ಸ್ಥಳಗಳಾದುದರಿಂದ, ಅಲ್ಲಿಗೆ ಬರುವ ಮುನ್ನವೇ ನಿಂತು ಹೊರಡುವುದು ಲೇಸು.

ಚಹಾ ಕುಡಿದರೆ ನಿದ್ದೆ ಓಡಿಹೋಗುತ್ತದೆಂಬ ನಂಬಿಕೆ ಅರ್ಧ ಸತ್ಯ. ಚಹಾ ಕಾಫಿಗಳ ಚುರುಕು ಮೈಗೆ ಹತ್ತಲು ಸುಮಾರು ಅರ್ಧ ಗಂಟೆ ಬೇಕು. ಕುಡಿದ ಕೂಡಲೇ ಇಪ್ಪತ್ತು ನಿಮಿಷ ಮಲಗಿ, ಎದ್ದು ಮುಖಕ್ಕೆ ನೀರು ಹಾಕಿಕೊಂಡು, ಲಾರಿಯ ಸುತ್ತ ನಡೆದು ಟೈರುಗಳನ್ನೂ ಹಗ್ಗಗಳನ್ನೂ ನೋಡಿ ಹೊರಟರೆ ಎರಡರ ಪ್ರಯೋಜನವೂ ಒಟ್ಟಿಗೆ ಸಿಗುತ್ತದೆ. ಆಷಾಢದ ಗಾಳಿಯಲ್ಲಿ ಚಿತ್ರದುರ್ಗದ ಬಯಲನ್ನು ಹಾಯುವ ಎತ್ತರದ ಲೋಡಿಗೆ ಹಗ್ಗದ ಪರೀಕ್ಷೆ ಎಷ್ಟು ಅಗತ್ಯವೆಂಬುದನ್ನು ಹಳೆಯ ಚಾಲಕರಿಗೆ ಹೇಳಬೇಕಾಗಿಲ್ಲ. ಹಗಲು ಮಲಗುವವರಿಗೆ ಮರದ ನೆರಳೇ ಬೇಕು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ, ಸಂತೋಷ. ಆದರೆ ಹಳೆಯ ಗಾಡಿಗಳಿಗೆ ಆ ಭಾಗ್ಯವಿಲ್ಲ, ಎಂಜಿನ್ ನಿಲ್ಲಿಸಿದ ಗಾಡಿಯಲ್ಲಿ ಸಾಮಾನ್ಯವಾಗಿ ಅದು ನಡೆಯುವುದೂ ಇಲ್ಲ. ರಸ್ತೆ ಅಗಲವಾದಾಗ ಹೋದ ಹುಣಸೆ, ಬೇವುಗಳ ಬೆಲೆ ಮಟಮಟ ಮಧ್ಯಾಹ್ನ ಲಾರಿ ನಿಲ್ಲಿಸುವವನಿಗೆ ತಿಳಿಯುತ್ತದೆ.

ಇನ್ನು ಕಣ್ಣಿನ ವಿಶ್ರಾಂತಿ. ಗಂಟೆಗಟ್ಟಲೆ ಮುಂದಿನ ಗಾಡಿಯ ಕೆಂಪು ದೀಪವನ್ನೇ ನೋಡಿದ ಕಣ್ಣಿಗೆ ದೂರದ ನೋಟ ಬೇಕು, ಅದಕ್ಕಾಗಿ ಹೆದ್ದಾರಿ ಬಿಟ್ಟು ಹೋಗಬೇಕಾಗಿಲ್ಲ. ನಸುಕಿನಲ್ಲಿ ಚಿತ್ರದುರ್ಗದ ಆಸುಪಾಸಿನಲ್ಲಿ ನಿಂತರೆ ಗುಡ್ಡಗಳ ನೆತ್ತಿಯ ಗಾಳಿಯಂತ್ರಗಳು ಬೆಳಕಿಗೆ ಒಂದೊಂದಾಗಿ ಮೂಡುತ್ತವೆ. ಭರಮಸಾಗರ ದಾಟಿ ದಾವಣಗೆರೆಯನ್ನು ಕಳೆದರೆ ಒಣ ಬೆಟ್ಟಗಳ ಸೀಮೆ ಮುಗಿದು ಭದ್ರಾ ನಾಲೆಯ ಭತ್ತದ ಹಸಿರು ತೆರೆದುಕೊಳ್ಳುತ್ತದೆ. ಹಿರಿಯೂರಿನಿಂದ ಸುಮಾರು 20 ಕಿಲೋಮೀಟರ್ ಒಳಗಿರುವ ವಾಣಿವಿಲಾಸ ಸಾಗರ, ಜನರ ಬಾಯಲ್ಲಿ ಮಾರಿಕಣಿವೆ, ವೇದಾವತಿಗೆ ಕಟ್ಟಿದ್ದು. 1907ರಲ್ಲಿ ಮುಗಿದ ಈ ಅಣೆಕಟ್ಟು 1933ರಲ್ಲಿ ತುಂಬಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನೋಡಲೇಬೇಕಾದ ಸ್ಥಳವಾದರೂ ಲೋಡ್ ಹೊತ್ತ ಲಾರಿಯನ್ನು ಅಲ್ಲಿಗೆ ತಿರುಗಿಸುವುದು ಬೇಡ. ಅಂಥ ಜಾಗಗಳಿಗೆ ಸರಿಯಾದ ಸಮಯವೆಂದರೆ ಸರಕು ಇಳಿಸಿ ಮುಂದಿನ ಲೋಡಿಗಾಗಿ ಕಾಯುವ ದಿನ. ಚಿತ್ರದುರ್ಗದಲ್ಲಿ ಕಾಯುವವರು ಗಾಡಿಯನ್ನು ಕಾವಲಿರುವ ಕಡೆ ಬಿಟ್ಟು, ಆಟೋ ಹಿಡಿದು ಏಳು ಸುತ್ತಿನ ಕೋಟೆಗೋ, ಕದಂಬರ ಮಯೂರಶರ್ಮನ ಶಾಸನವಿರುವ ಚಂದ್ರವಳ್ಳಿಯ ಕೆರೆಗೋ ಹೋಗಿ ಬರಬಹುದು. ಹರಿಹರದಲ್ಲಿ 13ನೆಯ ಶತಮಾನದ ಹರಿಹರೇಶ್ವರ ದೇವಾಲಯವೂ ಅದರ ಬಳಿಯಲ್ಲೇ ಹೊಳೆಯೂ ಇವೆ.

ದಾವಣಗೆರೆಗೆ ಬಂದವರಿಗೆ ಬೆಣ್ಣೆ ದೋಸೆ ತಿನ್ನಬೇಡಿ ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಅದು ಮಾರುಕಟ್ಟೆ ಪ್ರಾಂಗಣದಲ್ಲಿ ಮೆಕ್ಕೆಜೋಳದ ಲೋಡಿಗಾಗಿ ಕಾಯುವ ಬೆಳಗಿನ ತಿಂಡಿ. ರಾತ್ರಿ ಸ್ಟೇರಿಂಗ್ ಹಿಡಿಯುವ ಮುನ್ನ ಹೊಟ್ಟೆ ಹಗುರವಾಗಿರಲಿ. ಒಂದು ತಟ್ಟೆ ಮಂಡಕ್ಕಿಯಾದರೆ ಸಾಕು, ಜೊತೆಗೆ ಮೆಣಸಿನಕಾಯಿ ಬಜ್ಜಿ ಒಂದೇ ಇರಲಿ. ದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ ಹೆದ್ದಾರಿಯ ಸಹಾಯವಾಣಿ 1033ಕ್ಕೆ ಕರೆಮಾಡಿ, ಲಾರಿಯ ಹಿಂದೆ ಸಾಕಷ್ಟು ದೂರದಲ್ಲಿ ತ್ರಿಕೋನದ ಪ್ರತಿಫಲಕವನ್ನಿಟ್ಟು, ತಾವು ತಡೆಗಂಬಿಯ ಆಚೆಗೆ ನಿಲ್ಲಬೇಕು. ನಮಸ್ಕಾರ.