ಕುಕಿ ಯಾರು ತಿಂತಾ ಇರ್ತಾರೆ?

ನಮಸ್ಕಾರ. ಕುಕಿ ಮಾನ್‌ಸ್ಟರ್ ಗೊತ್ತಲ್ವಾ? ಅಮೆರಿಕದ ಮಕ್ಕಳ ಟಿವಿಯ ನೀಲಿ ಗೊಂಬೆ. ಸದಾ ಬಾಯ್ತುಂಬ ಬಿಸ್ಕೆಟ್. ಈಗ ಒಂದು ಚಿತ್ರ ಕಣ್ಣ ಮುಂದೆ ತಂದುಕೊಳ್ಳಿ. ಕುಕಿ ಮಾನ್‌ಸ್ಟರ್‌ಗೆ ಹುಷಾರಿಲ್ಲ, ಮಲಗಿದ್ದಾನೆ. ಪಕ್ಕದಲ್ಲಿ ಎಲ್ಮೋ ಅನ್ನುವ ಕೆಂಪು ಗೊಂಬೆ ಕುಕಿ ತಿನ್ನುತ್ತಿದೆ.

ಜಾನಿಸ್ ಜಾಕ್ಸನ್ ಎಂಬ ಸಂಶೋಧಕಿ ಇಂಥ ಚಿತ್ರ ತೋರಿಸಿ ಪುಟ್ಟ ಮಕ್ಕಳಿಗೆ ಎರಡು ಪ್ರಶ್ನೆ ಕೇಳಿದರು. ಮೊದಲನೆಯದು, 'ಹೂ ಈಸ್ ಈಟಿಂಗ್ ಕುಕೀಸ್?' ಮಕ್ಕಳು ಎಲ್ಮೋನನ್ನು ತೋರಿಸಿದರು. ಎರಡನೆಯದು, 'ಹೂ ಬಿ ಈಟಿಂಗ್ ಕುಕೀಸ್?' ಬಿಳಿಯರ ಮಕ್ಕಳು ಹೆಚ್ಚಾಗಿ ಮತ್ತೆ ಎಲ್ಮೋನನ್ನೇ ತೋರಿಸಿದರು. ಆಫ್ರಿಕನ್ ಅಮೆರಿಕನ್ ಮನೆಗಳ ಮಕ್ಕಳು ಹೆಚ್ಚಾಗಿ ತೋರಿಸಿದ್ದು ಮಲಗಿದ್ದ ಕುಕಿ ಮಾನ್‌ಸ್ಟರ್‌ನನ್ನು.

ಮಕ್ಕಳು ತಪ್ಪಿದರಾ? ಸ್ವಲ್ಪ ತಾಳಿ. 'ಅವನು ಮನೇಲಿ ಇದ್ದಾನೆ', 'ಅವನು ಮನೇಲಿ ಇರ್ತಾನೆ'. ಎರಡೂ ಒಂದೇನಾ? ಅಲ್ಲ. ಒಂದು ಈಗಿನ ಮಾತು, ಇನ್ನೊಂದು ದಿನಾಲೂ ನಡೆಯುವ ಮಾತು. ಕಪ್ಪು ಜನರ ಇಂಗ್ಲಿಷಿನ ಆ 'ಬಿ' ನಮ್ಮ ಈ 'ಇರ್ತಾನೆ'. ಕುಕಿ ಯಾರು ತಿಂತಾ ಇದ್ದಾರೆ? ಎಲ್ಮೋ. ಯಾರು ತಿಂತಾ ಇರ್ತಾರೆ? ಇನ್ಯಾರು, ಕುಕಿ ಮಾನ್‌ಸ್ಟರ್! ನಮಗೆ ಅರ್ಧ ನಿಮಿಷದಲ್ಲಿ ಹೊಳೆಯುವ ಈ ವ್ಯಾಕರಣಕ್ಕೆ ಅಮೆರಿಕದ ಎಷ್ಟೋ ಮೇಷ್ಟ್ರುಗಳು ಕೆಂಪು ಶಾಯಿಯ ಗೀಟು ಹಾಕುತ್ತಾ ಬಂದಿದ್ದಾರೆ. ಮಗುವಿಗೆ ಇಂಗ್ಲಿಷ್ ಬರಲ್ಲ ಅಂತ.

1996ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಶಾಲಾ ಮಂಡಳಿ ಒಂದು ನಿರ್ಣಯ ಮಾಡಿತು. ಕಪ್ಪು ಮಕ್ಕಳ ಈ ಮನೆಮಾತನ್ನು ಒಪ್ಪಿಕೊಂಡು, ಅದರ ಮೇಲೆ ಕಾಲಿಟ್ಟುಕೊಂಡೇ ಪುಸ್ತಕದ ಇಂಗ್ಲಿಷಿಗೆ ಹತ್ತಿಸೋಣ ಅನ್ನುವುದು ಅದರ ತಿರುಳು. ದೇಶಕ್ಕೆ ದೇಶವೇ ನಕ್ಕಿತು. ಮರುತಿಂಗಳು ಅಲ್ಲಿನ ಭಾಷಾವಿಜ್ಞಾನಿಗಳ ಸಂಘ, ಈ ಮಾತಿಗೂ ಎಲ್ಲ ಭಾಷೆಗಳ ಹಾಗೇ ನಿಯಮಗಳಿವೆ ಅಂತ ಹೇಳಿಕೆ ಕೊಟ್ಟಿತು. ಆದರೆ ಜೋಕು ಓಡಿದಷ್ಟು ದೂರ ಹೇಳಿಕೆಗಳು ಓಡುವುದಿಲ್ಲ.

ನೀವು ಕೇಳಬಹುದು. ಅದೆಲ್ಲ ಸರಿ ಸ್ವಾಮಿ, ಕೆಲಸ ಸಿಗಬೇಕಾದರೆ ಎಲ್ಲರೂ ಒಪ್ಪುವ ಇಂಗ್ಲಿಷ್ ಬೇಕಲ್ವಾ? ಬೇಕು. ಕಲಿಸಲೇಬೇಕು. ಇದರಲ್ಲಿ ನನಗೆ ಜಗಳವಿಲ್ಲ. ನನ್ನ ತಕರಾರು ಬೇರೆ. ಪಾಠ ಯಾವಾಗಲೂ ನಗೆಗೀಡಾದವನಿಗೇ ಯಾಕೆ? ನಕ್ಕವನಿಗೆ ಯಾಕಿಲ್ಲ?

ಜಾನ್ ಬಾ ಅಂತ ಒಬ್ಬ ಭಾಷಾವಿಜ್ಞಾನಿ ಇದ್ದಾರೆ, ಆಫ್ರಿಕನ್ ಅಮೆರಿಕನ್. ಅವರ ತಂಡದ ಒಂದು ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಅವರು ಮಾಡಿದ್ದಿಷ್ಟೇ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ 'ಬಾಡಿಗೆಗೆ ಇದೆ' ಅಂತ ಜಾಹೀರಾತು ಕೊಟ್ಟ ಮನೆಗಳಿಗೆ ಫೋನ್ ಮಾಡಿದರು. ಅದೇ ವಾಕ್ಯ, ಅದೇ ವ್ಯಾಕರಣ, ಅದೇ ಗಂಟಲು. ಆದರೆ ಒಮ್ಮೆ ಬಿಳಿಯರ ಧಾಟಿ, ಒಮ್ಮೆ ಕಪ್ಪು ಜನರ ಧಾಟಿ, ಒಮ್ಮೆ ಮೆಕ್ಸಿಕನ್ ಮೂಲದವರ ಧಾಟಿ. ಬಿಳಿಯರೇ ಜಾಸ್ತಿ ಇರುವ ವುಡ್‌ಸೈಡ್ ಎಂಬ ಊರಿನಲ್ಲಿ ಮೊದಲ ಧಾಟಿಗೆ 100ಕ್ಕೆ ಸುಮಾರು 70 ಸಲ 'ಬಂದು ಮನೆ ನೋಡಿ' ಅಂದರು. ಉಳಿದೆರಡಕ್ಕೆ 30 ಕೂಡ ದಾಟಲಿಲ್ಲ. ಇಲ್ಲಿ ತಿದ್ದಬೇಕಾದ ವಾಕ್ಯವೇ ಇರಲಿಲ್ಲ ನೋಡಿ. ಕೆಟ್ಟಿದ್ದು ಆ ಕಡೆಯ ಕಿವಿ. ಆ ಮನೆ ಓನರ್ ಕೂಡ ಒಂದು ಕಾಲದಲ್ಲಿ ಯಾವುದೋ ಕ್ಲಾಸಿನ ಬೆಂಚಿನ ಮೇಲೆ ಕೂತಿದ್ದವನೇ ತಾನೇ?

ಅದಕ್ಕೇ ನನಗೆ ನಾರ್ತ್ ಕ್ಯಾರೊಲೈನಾದ ಪ್ರಯೋಗ ಇಷ್ಟ. ವಾಲ್ಟ್ ವುಲ್‌ಫ್ರಮ್, ಜೆಫ್ರಿ ರೀಸರ್ ಎಂಬ ಭಾಷಾವಿಜ್ಞಾನಿಗಳು ಅಲ್ಲಿನ 8ನೇ ತರಗತಿಗೆ ಪಾಠಗಳನ್ನು ಮಾಡಿಕೊಟ್ಟರು. ಅಪಲಾಚಿಯನ್ ಬೆಟ್ಟಗಳ ಕಡೆ 'ಬಿಲ್ಡಿಂಗ್' ಅನ್ನುವ ಬದಲು 'ಅ-ಬಿಲ್ಡಿಂಗ್' ಅನ್ನುವ ರೂಢಿ ಇದೆ. ಹೊರಗಿನವರಿಗೆ ಅದು ಸುಮ್ನೆ ಗೊಡ್ಡು ಹಳ್ಳಿ ಮಾತು. ಮಕ್ಕಳ ಮುಂದೆ ಎರಡು ವಾಕ್ಯ ಇಡುತ್ತಾರೆ. 'ಬಿಲ್ಡಿಂಗ್ ಈಸ್ ಹಾರ್ಡ್ ವರ್ಕ್.' 'ಹಿ ವಾಸ್ ಬಿಲ್ಡಿಂಗ್ ಎ ಹೌಸ್.' ಆ 'ಅ' ಎಲ್ಲಿ ಕೂರುತ್ತದೆ? ಯಾರೂ ಹೇಳಿಕೊಟ್ಟಿರುವುದಿಲ್ಲ, ಆದರೂ ಹೆಚ್ಚಿನವರು ಎರಡನೆಯದನ್ನು ಆರಿಸುತ್ತಾರೆ. ಯಾಕೆ ಅಂತ ಕೇಳಿದಾಗ ತಲೆ ಕೆರೆದುಕೊಳ್ಳುತ್ತಾ ನಿಯಮವನ್ನು ತಾವೇ ಹುಡುಕುತ್ತಾರೆ. ಕೆಲಸದ ಹೆಸರಾದರೆ 'ಅ' ಸೇರಲ್ಲ, ನಡೆಯುತ್ತಿರುವ ಕೆಲಸವಾದರೆ ಸೇರುತ್ತದೆ. ಆ ಮಾತು ಆಡುವ ಮಗು, ಆಡದ ಮಗು, ಇಬ್ಬರಿಗೂ ಒಂದೇ ಪಾಠ.

ಹಾಲು, ಆಲು. ನಗು ಬಂತಾ? ನಾನೂ ನಕ್ಕವನೇ. ನಮ್ಮ ಕ್ಲಾಸಿನಲ್ಲಿ ಒಬ್ಬ ಇದ್ದ. 'ಅಳ್ಳಿ', 'ಅಣ್ಣು', 'ಆಲು' ಅನ್ನುತ್ತಿದ್ದ. ಮೇಷ್ಟ್ರು ಅವನನ್ನು ನಿಲ್ಲಿಸಿ ಹತ್ತು ಸಲ ಹೇಳಿಸುತ್ತಿದ್ದರು. ಹೆದರಿ ಹೆದರಿ ಕೊನೆಗೆ ಅಕ್ಕಿಗೂ 'ಹಕ್ಕಿ' ಅಂದ. ಅವತ್ತಂತೂ ಇಡೀ ಕ್ಲಾಸಿಗೆ ಹಬ್ಬ. ಗಟ್ಟಿಯಾಗಿ ಓದುವ ಸರದಿ ಬಂದರೆ ಆಮೇಲೆ ಅವನಿಗೆ ಯಾವಾಗಲೂ ಗಂಟಲು ನೋವು.

ಮುಂದಿನ ವರ್ಷ ಅದೇ ಮೇಷ್ಟ್ರು ಹಳಗನ್ನಡ ಶುರು ಮಾಡಿದರು. 10ನೇ ಶತಮಾನದ ಪಂಪನ ಕಾಲಕ್ಕೆ ಪಾಲ್, ಪುಲಿ, ಪೂ. ಆಮೇಲೆ 'ಪ' ಹೋಗಿ 'ಹ' ಬಂತು. ಹಾಲು, ಹುಲಿ, ಹೂ. ಇದು ಭಾಷೆಯ ಸಹಜ ಬದಲಾವಣೆ, ಬರೆದುಕೊಳ್ಳಿ, ಪರೀಕ್ಷೆಗೆ ಬರುತ್ತೆ ಅಂದರು. ನಾವೆಲ್ಲ ತಲೆ ತಗ್ಗಿಸಿ ಬರೆದುಕೊಂಡೆವು. ಅವನೂ ಬರೆದುಕೊಂಡ.