‘ಕೂಲಿ’ ಅನ್ನೋದು ಕೆಲಸದ ಹೆಸರಲ್ಲ

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತನ್ನು ನನಗೆ ಕೊಟ್ಟಿದ್ದಾರೆ. ಮುದ್ದೆ, ಬಸ್ಸಾರು ಬೇರೆ ಇತ್ತು. ತೂಕಡಿಕೆ ಬಂದರೆ ಸಂಕೋಚ ಬೇಡ. ನಾನು ಎಕ್ಸ್‌ರೇ ಓದುವವಳು. ಅರ್ಧ ಆಯಸ್ಸನ್ನು ಕತ್ತಲೆ ಕೋಣೆಯಲ್ಲೇ ಕಳೆದಿದ್ದೇನೆ, ಆ ಕಷ್ಟ ನನಗೂ ಗೊತ್ತು.

ಇವತ್ತು ನವೆಂಬರ್ 8. 1895ರಲ್ಲಿ ಇದೇ ದಿನ ಜರ್ಮನಿಯ ವಿಜ್ಞಾನಿ ರಾಂಟ್ಜೆನ್ ಕಣ್ಣಿಗೆ ಎಕ್ಸ್‌ರೇ ಬಿತ್ತು. ಅವರ ಹೆಂಡತಿಯ ಕೈ, ಬೆರಳಿನ ಉಂಗುರ, ಆ ಚಿತ್ರ ನೀವೆಲ್ಲ ನೋಡಿದ್ದೀರಿ. ಪ್ರತಿ ವರ್ಷ ಈ ದಿನ ಎಕ್ಸ್‌ರೇಯನ್ನು ಹೊಗಳೋದು ನಮ್ಮವರ ವಾಡಿಕೆ. ನಾನು ಮಾತ್ರ ಒಂದು ದೂರು ಹೊತ್ತುಕೊಂಡು ಬಂದಿದ್ದೇನೆ. ಎಕ್ಸ್‌ರೇ ಮೇಲಲ್ಲ, ನನ್ನ ಮೇಲೆ.

ಇಪ್ಪತ್ತು ವರ್ಷದ ಹಿಂದಿನ ಮಾತು. ಯಾವ ಆಸ್ಪತ್ರೆ ಅನ್ನೋದು ಬೇಡ. ಮೂವತ್ತನಾಲ್ಕು ವರ್ಷದ ಒಬ್ಬರ ಎದೆ ಫಿಲ್ಮ್ ನನ್ನ ಮೇಜಿಗೆ ಬಂತು. ಚೀಟಿಯಲ್ಲಿ ಹೆಸರು, ವಯಸ್ಸು, ‘ಕೆಮ್ಮು, ಏದುಸಿರು’ ಅಂತ ಇತ್ತು. ಉದ್ಯೋಗ ಅನ್ನುವ ಕಡೆ ‘ಕೂಲಿ’. ಎರಡೂ ಶ್ವಾಸಕೋಶದ ಮೇಲ್ಭಾಗದಲ್ಲಿ ರವೆ ಚೆಲ್ಲಿದ ಹಾಗೆ ಸಣ್ಣ ಸಣ್ಣ ಬಿಳಿ ಚುಕ್ಕಿ. ನಮ್ಮ ದೇಶದಲ್ಲಿ ಅಂಥದ್ದು ಕಂಡರೆ ಕೈ ತಾನಾಗಿ ಬರೆಯುತ್ತದೆ: ಟಿಬಿ ಇರಬಹುದು. ಬರೆದೆ. ಅವರು ಆರು ತಿಂಗಳು ಮಾತ್ರೆ ನುಂಗಿದರು.

ಮುಂದಿನ ವರ್ಷ ಮತ್ತೆ ಬಂದರು. ಕಫದಲ್ಲಿ ಏನೂ ಸಿಕ್ಕಿರಲಿಲ್ಲ. ಚುಕ್ಕಿ ಮಾತ್ರ ಜಾಸ್ತಿ ಆಗಿದ್ದವು. ಮತ್ತೆ ಮಾತ್ರೆ. ಮೂರನೇ ಸಲ ಬಂದಾಗ ಕರೆಂಟ್ ಹೋಗಿತ್ತು. ಲೈಟ್ ಬಾಕ್ಸ್ ಇಲ್ಲದೆ ಫಿಲ್ಮ್ ಓದೋಕೆ ಆಗಲ್ಲ ಅಲ್ವಾ? ಸುಮ್ನೆ ಹೊರಗೆ ಬಂದೆ. ಬೆಂಚಿನ ಮೇಲೆ ಹಳೇ ಫಿಲ್ಮಿನ ಕವರು ತೊಡೆ ಮೇಲಿಟ್ಟುಕೊಂಡು ಅವರು ಕೂತಿದ್ದರು. ಹೊತ್ತು ಹೋಗಬೇಕಿತ್ತು, ಕೇಳಿದೆ.

‘ಏನಪ್ಪ, ಕೂಲಿ ಅಂದ್ರೆ ಏನು ಕೂಲಿ?’

‘ಕಲ್ಲು, ಮೇಡಂ.’

‘ಏನು ಕಲ್ಲು?’

‘ಗ್ರಾನೈಟು. ಕಟಿಂಗು, ಪಾಲಿಶು. ಮನೆ ಮನೆಗೆ ಹೋಗಿ ಅಡುಗೆ ಕಟ್ಟೆಗೆ ಕೂರಿಸ್ತೀವಿ.’

‘ಎಷ್ಟು ವರ್ಷ ಆಯ್ತು?’

‘ಹದಿನಾರು ತುಂಬಿದ ಮೇಲೆ ಶುರು ಮಾಡಿದ್ದು.’

ಕರೆಂಟ್ ಬಂತು. ಮೂರೂ ವರ್ಷದ ಫಿಲ್ಮುಗಳನ್ನು ಪಕ್ಕಪಕ್ಕ ಸಿಕ್ಕಿಸಿದೆ. ಶ್ವಾಸನಾಳ ಶ್ವಾಸಕೋಶದೊಳಗೆ ಹೋಗುವ ಕಡೆ ಇರುವ ಗ್ರಂಥಿಗಳ ಸುತ್ತ ಮೊಟ್ಟೆ ಚಿಪ್ಪಿನಂಥ ತೆಳ್ಳನೆ ಬಿಳಿ ಗೆರೆ. ಇಲ್ಲಿರುವ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ನಿದ್ದೆಗಣ್ಣಲ್ಲೂ ಬರೆಯುತ್ತಾರೆ: ಎಗ್‌ಶೆಲ್, ಸಿಲಿಕೋಸಿಸ್. ಅಂದರೆ ಕಲ್ಲಿನ ದೂಳು ಕುಡಿದು ಬರುವ ಶ್ವಾಸಕೋಶದ ಕಾಯಿಲೆ. ಮೊದಲನೇ ಫಿಲ್ಮಿನಲ್ಲೂ ಅದು ಇತ್ತು. ನಾನು ನೋಡಿರಲಿಲ್ಲ. ‘ಕೂಲಿ’ ಅಂತ ಓದಿದ್ದೆ, ಮುಂದಕ್ಕೆ ಹೋಗಿದ್ದೆ.

1700ರಲ್ಲೇ ಇಟಲಿಯ ವೈದ್ಯ ರಾಮಾಝಿನಿ ಉಳಿದ ವೈದ್ಯರಿಗೆ ಹೇಳಿದ್ದರು: ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆ ಇದೊಂದನ್ನು ಸೇರಿಸಿ, ‘ನೀನು ಏನು ಕೆಲಸ ಮಾಡ್ತೀಯ?’ ಆ ಪ್ರಶ್ನೆ ಕೇಳೋಕೆ ನನಗೆ ಕರೆಂಟ್ ಹೋಗಬೇಕಾಯಿತು.

ಇರಲಿ. ಆ ಬಿಳಿ ಚುಕ್ಕಿ ಏನು ಅಂತ ಈಗ ನೋಡೋಣ. ಅದು ಕಲ್ಲಲ್ಲ. ಕಲ್ಲಿನ ಪುಡಿ ಎಕ್ಸ್‌ರೇಯಲ್ಲಿ ಕಾಣುವಷ್ಟು ದೊಡ್ಡದಲ್ಲ. ನಮ್ಮ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂತಿಟ್ಟುಕೊಳ್ಳಿ. ಶ್ವಾಸಕೋಶದ ತಳಕ್ಕೆ ಇಳಿಯುವ ಪುಡಿ ಹೆಚ್ಚಾಗಿ 5 ಮೈಕ್ರಾನಿಗಿಂತ ಸಣ್ಣದು. ಕಣ್ಣಿಗೆ ಕಾಣುವ ದೂಳು ಮೂಗಿನಲ್ಲೇ ನಿಲ್ಲುತ್ತದೆ. ಕಾಣದ್ದು ಒಳಗೆ ಹೋಗುತ್ತದೆ. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಅದಕ್ಕೆ ಲೆಕ್ಕವೇ ಇಲ್ಲ.

ಒಳಗೆ ಮ್ಯಾಕ್ರೋಫೇಜ್ ಅನ್ನುವ ಜೀವಕೋಶಗಳು ಕಾಯುತ್ತಿರುತ್ತವೆ. ಹೊರಗಿಂದ ಬಂದದ್ದನ್ನು ನುಂಗಿ ಅರಗಿಸುವುದೇ ಅವುಗಳ ಕೆಲಸ. ರಷ್ಯಾದ ವಿಜ್ಞಾನಿ ಮೆಚ್ನಿಕಾಫ್ 1882ರಲ್ಲಿ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟು ರಾತ್ರಿಯೆಲ್ಲ ನಿದ್ದೆಗೆಟ್ಟರಂತೆ. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು. ನುಂಗುವ ಕೋಶಗಳ ಮೇಲಿನ ಆ ಕೆಲಸಕ್ಕೆ 1908ರಲ್ಲಿ ನೊಬೆಲ್ ಬಂತು. ಬ್ಯಾಕ್ಟೀರಿಯಾ ಸಿಕ್ಕಿದರೆ ಮ್ಯಾಕ್ರೋಫೇಜಿಗೆ ಹಬ್ಬದೂಟ. ಆದರೆ ಬೆಣಚುಕಲ್ಲು ಸಿಕ್ಕಿದರೆ? ಚಿಕ್ಕಂದಿನಲ್ಲಿ ಎರಡು ಬೆಣಚುಕಲ್ಲು ತಿಕ್ಕಿ ಕಿಡಿ ಹಾರಿಸಿದ್ದೀರಲ್ಲ, ಅದೇ. ಗ್ರಾನೈಟಿನ ತುಂಬ ಅದರ ಹರಳುಗಳು.

ಕೋಶ ಅದನ್ನೂ ನುಂಗುತ್ತದೆ. ಅರಗಿಸುವ ಚೀಲದೊಳಗೆ ಹಾಕಿಕೊಳ್ಳುತ್ತದೆ. ಕಲ್ಲು ಕರಗೋದಿಲ್ಲ. ಚೀಲವೇ ಒಡೆಯುತ್ತದೆ. ಆಗ ಕೋಶದೊಳಗೆ ಒಂದು ಅಲಾರಂ ಹೊಡೆದುಕೊಳ್ಳುತ್ತದೆ, ಎನ್‌ಎಲ್‌ಆರ್‌ಪಿ3 ಅಂತ ಅದರ ಹೆಸರು. ಬೆಣಚಿನಲ್ಲಿರುವ ಸಿಲಿಕಾ ಮತ್ತು ಕಲ್ನಾರು ಈ ಅಲಾರಂ ಒತ್ತುತ್ತವೆ ಅಂತ 2008ರಲ್ಲಿ ಒಂದಕ್ಕಿಂತ ಹೆಚ್ಚು ಪ್ರಯೋಗಾಲಯಗಳು ತೋರಿಸಿದವು. ಅಲಾರಂ ಕೇಳಿ ಉರಿಯೂತದ ರಾಸಾಯನಿಕ ಹೊರಗೆ ಸುರಿಯುತ್ತದೆ, ಕೋಶ ಸಾಯುತ್ತದೆ, ಹರಳು ಮತ್ತೆ ಹೊರಗೆ ಬೀಳುತ್ತದೆ. ಇನ್ನೊಂದು ಕೋಶ ಬಂದು ಅದೇ ಹರಳನ್ನು ನುಂಗುತ್ತದೆ. ಅದೂ ಸಾಯುತ್ತದೆ. ಹರಳಿಗೆ ಸಾವಿಲ್ಲ. ಅದಕ್ಕೇ ಕೆಲಸ ಬಿಟ್ಟು ಊರಿಗೆ ಹೋಗಿ ಕುರಿ ಕಾಯುತ್ತಾ ಕೂತವರಿಗೂ ಕಾಯಿಲೆ ಬೆಳೆಯುತ್ತಲೇ ಇರುತ್ತದೆ. ಗಾಯದ ಕಲೆ ಗಟ್ಟಿಯಾದ ಹಾಗೆ ಸುತ್ತಲೂ ನಾರು ಕಟ್ಟಿಕೊಳ್ಳುತ್ತದೆ. ಆ ನಾರಿನ ಗಂಟೇ ನನ್ನ ಬಿಳಿ ಚುಕ್ಕಿ.

ಅಂದರೆ ನಾನು ಫಿಲ್ಮಿನಲ್ಲಿ ನೋಡುವುದು ಜಗಳ ಅಲ್ಲ, ಜಗಳ ಮುಗಿದ ಮೇಲಿನ ಬೀದಿ. ಮಾಮೂಲಿ ಸಿಲಿಕೋಸಿಸ್ ಕಾಣಿಸಿಕೊಳ್ಳೋಕೆ ಹತ್ತು ವರ್ಷವಾದರೂ ಬೇಕು. ಸಿ.ಟಿ. ಸ್ಕ್ಯಾನ್ ಸ್ವಲ್ಪ ಮುಂಚೆ ತೋರಿಸುತ್ತದೆ, ಸ್ವಲ್ಪವೇ.

ನನಗೆ ಸಮಾಧಾನ ಹೇಳಿದ ಸ್ನೇಹಿತರೂ ಇದ್ದಾರೆ. ‘ನಿಮ್ಮ ಅಂದಾಜು ಪೂರ್ತಿ ತಪ್ಪಲ್ಲ ಬಿಡಿ, ಎದೆಯೊಳಗೆ ಸಿಲಿಕಾ ಹೋದವರಿಗೆ ಟಿಬಿ ಬರೋದು ಜಾಸ್ತಿ’ ಅಂತ. ನಿಜವೇ. ಟಿಬಿ ರೋಗಾಣುವನ್ನು ಹಿಡಿಯಬೇಕಾದವೂ ಇದೇ ಕೋಶಗಳು. ಅವು ಕಲ್ಲು ನುಂಗಿ ಸಾಯುತ್ತಿದ್ದರೆ ಬಾಗಿಲು ಕಾಯುವವರು ಯಾರು? ಆದರೆ ಅದು ನನ್ನ ವಾದಕ್ಕೇ ಬಲ ಕೊಡುತ್ತದೆ. ಟಿಬಿ ಇದ್ದರೂ ಕೇಳಬೇಕು, ಇಲ್ಲದಿದ್ದರೂ ಕೇಳಬೇಕು. ಕೂಲಿ ಅನ್ನೋದು ಸಂಬಳ ಹೇಗೆ ಬರುತ್ತದೆ ಅಂತ ಹೇಳುತ್ತದೆ. ಮೂಗಿಗೆ ಏನು ಹೋಗುತ್ತದೆ ಅಂತ ಹೇಳೋದಿಲ್ಲ.

ಕೋಲಾರದಲ್ಲಿ ನಿಂತು ಇದನ್ನು ಹೇಳೋಕೆ ನನಗೆ ಸ್ವಲ್ಪ ನಾಚಿಕೆಯೇ. ಈ ಪಾಠವನ್ನು ದೇಶಕ್ಕೆ ಕಲಿಸಿದ್ದು ನಿಮ್ಮ ಜಿಲ್ಲೆ. ಕೆಜಿಎಫ್ ಅಂದ ತಕ್ಷಣ ನಿಮ್ಮ ತಲೆಯಲ್ಲಿ ಯಾವ ಸಂಗೀತ ಶುರುವಾಯಿತು ಅಂತ ಗೊತ್ತು, ಅದನ್ನು ಸ್ವಲ್ಪ ನಿಲ್ಲಿಸಿ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಬಂಡೆ ಒಡೆದವರು ಅಲ್ಲಿನ ಚಿನ್ನದ ಗಣಿ ಕಾರ್ಮಿಕರು. ಒಡೆದ ಬಂಡೆಯಲ್ಲಿ ಚಿನ್ನ ಗ್ರಾಂ ಲೆಕ್ಕ, ಬೆಣಚು ಟನ್ ಲೆಕ್ಕ. 1940ರ ದಶಕದಲ್ಲಿ 7,653 ಕಾರ್ಮಿಕರನ್ನು ತಪಾಸಣೆ ಮಾಡಿದರು. ನೂರಕ್ಕೆ 43.7 ಮಂದಿಗೆ ಸಿಲಿಕೋಸಿಸ್. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಚಿನ್ನ ತೆಗೆದು ಉಳಿದ ಪುಡಿ ಸುರಿದ ಸೈನೈಡ್ ಗುಡ್ಡಗಳು ಇನ್ನೂ ನಿಂತಿವೆ. ಎದೆಯೊಳಗಿನ ಗಂಟುಗಳೂ ಗಣಿ ಮುಚ್ಚಿತು ಅಂತ ಕರಗಲಿಲ್ಲ.

ಅಲ್ಲಿ ಒಂದು ಅನುಕೂಲ ಇತ್ತು, ಕೇಳಿ. ಒಂದು ಕಂಪನಿ, ಒಂದು ರಿಜಿಸ್ಟರು, ಒಂದು ಆಸ್ಪತ್ರೆ. ಯಾರು ಎಲ್ಲಿ ಎಷ್ಟು ವರ್ಷ ಕೆಲಸ ಮಾಡಿದ ಅಂತ ಪುಸ್ತಕದಲ್ಲಿ ಇತ್ತು. ನನ್ನ ರೋಗಿ ಇವತ್ತು ಜಿಗಣಿಯಲ್ಲಿ, ನಾಳೆ ಹೊಸಕೋಟೆಯಲ್ಲಿ, ನಾಡಿದ್ದು ನಿಮ್ಮ ಮನೆಯಲ್ಲಿ. ಅವನ ಮಾಲೀಕ ಯಾರು? ಫ್ಯಾಕ್ಟರಿಯಲ್ಲಿ ದುಡಿಯುವವರಲ್ಲಿ ಸಿಲಿಕೋಸಿಸ್ ಕಂಡರೆ ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕು ಅಂತ ಕಾನೂನಿದೆ. ಆದರೆ ಫ್ಯಾಕ್ಟರಿಯೇ ಇಲ್ಲದವನ ಬಗ್ಗೆ ಯಾರಿಗೆ ತಿಳಿಸೋದು?

ದೂಳಿನ ಕಾಯಿಲೆಯ ಎಕ್ಸ್‌ರೇ ಓದುವುದಕ್ಕೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಒಂದು ಪದ್ಧತಿ ಇದೆ. ಮಾದರಿ ಫಿಲ್ಮುಗಳ ಪಕ್ಕ ರೋಗಿಯ ಫಿಲ್ಮ್ ಇಟ್ಟು ಚುಕ್ಕಿ ಎಷ್ಟು ದಟ್ಟ ಅಂತ ಅಂಕ ಕೊಡಬೇಕು. ನನಗೆ ಇಷ್ಟವಾದ ಅಂಕ 1/0. ‘ಒಂದು ಅಂತ ಬರೆದಿದ್ದೇನೆ, ಸೊನ್ನೆ ಇರಬಹುದಾ ಅಂತಲೂ ಯೋಚಿಸಿದೆ’ ಅಂತ ಅರ್ಥ. ವೈದ್ಯರ ಅನುಮಾನಕ್ಕೂ ಅಂಕ! ನಮ್ಮ ಮನೆಯವರಿಗೆ ಇದನ್ನು ಹೇಳಿದಾಗ, ‘ನೀನು ತರಕಾರಿ ತರೋಕೆ ಹೋದಾಗಲೂ ಹಾಗೇ’ ಅಂದರು.

ಚೀಟಿ ಬಂತು. ಐದು ನಿಮಿಷ ಅಂತೆ. ಹಾಗಾದರೆ ರಕ್ತಪರೀಕ್ಷೆಯ ಭಾಗ ಓಡಿಸುತ್ತೇನೆ. ಶ್ವಾಸನಾಳದ ಕೋಶಗಳು ಮಾಡುವ ಸಿಸಿ16 ಅನ್ನುವ ಪ್ರೋಟೀನು ಸಿಲಿಕಾ ದೂಳಿನಲ್ಲಿ ಕೆಲಸ ಮಾಡುವವರ ರಕ್ತದಲ್ಲಿ ಕಡಿಮೆ ಆಗುತ್ತದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಇದನ್ನೇ ಹಿಡಿದು ಬೇಗ ಪತ್ತೆ ಮಾಡುವ ಪರೀಕ್ಷೆ ರೂಪಿಸಿದೆ. ಒಳ್ಳೆಯದೇ. ಆದರೆ ಆ ಸೂಜಿ ಯಾರಿಗೆ ಚುಚ್ಚಬೇಕು ಅಂತ ಗೊತ್ತಾಗಬೇಕಾದರೆ ಮತ್ತೆ ಅದೇ ಪ್ರಶ್ನೆ ಕೇಳಬೇಕು. ಇನ್ನೊಂದು, ಅಡುಗೆ ಕಟ್ಟೆಗೆ ಹಾಕುವ ಕೃತಕ ಕ್ವಾರ್ಟ್ಜ್ ಹಲಗೆ, ಬೆಣಚಿನ ಪುಡಿ ಅಂಟಿಸಿ ಮಾಡಿದ್ದು. ಗ್ರಾನೈಟಿಗಿಂತ ಸಿಲಿಕಾ ಎಷ್ಟೋ ಜಾಸ್ತಿ, ಕೆಲವದರಲ್ಲಿ ನೂರಕ್ಕೆ ತೊಂಬತ್ತು ದಾಟುತ್ತದೆ. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿತು. ನಮ್ಮಲ್ಲಿ ಶೋರೂಮಿನಲ್ಲಿ ಹೊಳೆಯುತ್ತಾ ನಿಂತಿದೆ.

ಕೊನೆಯದಾಗಿ ನಮ್ಮ ಮನೆಯದೇ ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ಅಡುಗೆ ಮನೆ ರಿಪೇರಿ ಮಾಡಿಸಿದೆವು. ಆಸ್ಪತ್ರೆಯಿಂದ ಬಂದು ನೋಡಿದರೆ ಗೇಟಿನ ಹತ್ತಿರ ಮೇಸ್ತ್ರಿ ಕುಕ್ಕರುಗಾಲಲ್ಲಿ ಕೂತು ಸಿಂಕಿನ ತೂತು ಕೊರೆಯುತ್ತಿದ್ದಾರೆ. ಬ್ಲೇಡಿನಿಂದ ಬಿಳಿ ಹೊಗೆ. ತುಳಸಿ ಗಿಡ ಬೆಳ್ಳಗಾಗಿತ್ತು. ನನ್ನ ಬಾಯಿಂದ ಮೊದಲು ಬಂದ ಮಾತು ಏನು ಗೊತ್ತಾ? ‘ಅಯ್ಯೋ, ಕಾರಿಗೆ ಕವರ್ ಹಾಕಬಾರದಿತ್ತಾ?’ ಅಷ್ಟು ವರ್ಷ ಸಿಲಿಕೋಸಿಸ್ ಬಗ್ಗೆ ಭಾಷಣ ಮಾಡಿದವಳು.

ಆಮೇಲೆ ಮಿಷನ್ ನಿಲ್ಲಿಸಿದೆ. ನೀರು ಹಾಕಿ ಕೊಯ್ಯಿ ಅಂದೆ. ‘ನೀರು ಬಿದ್ರೆ ಶಾಕ್ ಹೊಡಿಯುತ್ತೆ ಮೇಡಂ. ನಿಮ್ಮ ಗೋಡೆನೂ ಕೆಸರಾಗುತ್ತೆ’ ಅಂದರು. ಶಾಕಿನ ಮಾತು ನಿಜ, ಅದನ್ನು ತಳ್ಳಿಹಾಕೋ ಹಾಗಿಲ್ಲ. ಉಳಿದ ಹಲಗೆಗಳನ್ನು ಅವತ್ತೇ ಅಂಗಡಿಗೆ ವಾಪಸ್ ಕಳಿಸಿದೆವು, ಅಲ್ಲಿ ನೀರು ಹರಿಯುವ ದೊಡ್ಡ ಕಟಿಂಗ್ ಮಿಷನ್ ಇತ್ತು. ಸಿಂಕಿಗೆ ಮಾತ್ರ ನೀರಿನ ಪೈಪಿರುವ ಮಿಷನ್ ಬಾಡಿಗೆಗೆ ತಂದರು. ಎಲೆಕ್ಟ್ರಿಷಿಯನ್ ಬಂದು ಇಎಲ್‌ಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು, ಸರಿ ಇದೆಯಾ ಅಂತ ನೋಡಿದ. ಬಾಡಿಗೆ ನಾನೂರೈವತ್ತು ರೂಪಾಯಿ, ಒಂದು ದಿನ ತಡ. ದೂಳು ಏಳಲಿಲ್ಲ. ಬೂದು ಬಣ್ಣದ ಕೆಸರು ಗೇಟಿನಿಂದ ಮೋರಿವರೆಗೆ ಹರಿಯಿತು, ಮೇಸ್ತ್ರಿ ಹೇಳಿದ ಹಾಗೆ ಗೋಡೆಯೂ ಹಾಳಾಯಿತು.

ಗೋಡೆಗೆ ಇನ್ನೂ ಬಣ್ಣ ಹೊಡೆಸಿಲ್ಲ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಪ್ರಶ್ನೆ ಇದ್ದವರು ಕಾಫಿ ಹತ್ತಿರ ಸಿಗಿ. ವಿದ್ಯಾರ್ಥಿಗಳು ಬರುವಾಗ ನಿಮ್ಮ ವಾರ್ಡಿನ ಒಂದು ಕೇಸ್ ಶೀಟ್ ಫೋಟೋ ತನ್ನಿ, ಹೆಸರು ಮುಚ್ಚಿ. ಉದ್ಯೋಗದ ಜಾಗದಲ್ಲಿ ಏನು ಬರೆದಿದ್ದೀರಿ ಅಂತ ನೋಡೋಣ.